ದಿಂಬಣ್ಣ ತಲೆಯಾಡಿಸಿದ ವಿಚಾರಣೆ

ಊರಿಗೆಲ್ಲ ಹಾಸಿಗೆ ದಿಂಬು ಹೊಲಿದುಕೊಟ್ಟವನಿಗೆ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಲು ಜಾಗವಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ದಿಂಬಣ್ಣನ ಪಾಡು ಮಾತ್ರ ಹಾಗೇ ಇತ್ತು. ಅವನ ಅಂಗಡಿ ರೈಲುಡಬ್ಬಿಯಂತೆ ಉದ್ದ, ರೈಲುಡಬ್ಬಿಗಿಂತ ಇಕ್ಕಟ್ಟು. ಹಿಂದಿನ ಅರ್ಧ ಹತ್ತಿಯ ಮೂಟೆಗಳಿಗೆ, ಮುಂದಿನ ಅರ್ಧ ಹೆಂಡತಿಯ ಹೊಲಿಗೆ ಯಂತ್ರಕ್ಕೆ. ನಡುವೆ ಉಳಿದಷ್ಟು ದಿಂಬಣ್ಣನದು. ಅಲ್ಲಿ ನಿಲ್ಲಬಹುದಿತ್ತು, ಬಗ್ಗಬಹುದಿತ್ತು, ಮಲಗುವಂತಿರಲಿಲ್ಲ. ಮಾರಾಟಕ್ಕಿಟ್ಟ ಹಾಸಿಗೆಯ ಮೇಲೆ ಉರುಳಿದರೆ ಹೆಂಡತಿ ಬಿಡುತ್ತಿರಲಿಲ್ಲ.

"ನೀವು ಹೊರಳಾಡಿದ ಹಾಸಿಗೇನ ಹೊಸದು ಅಂತ ಹೇಳಿ ಮಾರೋಕೆ ನನಗೆ ನಾಲಿಗೆ ಬರಲ್ಲ" ಎನ್ನುವಳು.

ಹೀಗಾಗಿ ದಿಂಬಣ್ಣ ಕಾಲಕ್ರಮೇಣ ಕುಳಿತಲ್ಲೇ ನಿದ್ದೆ ಮಾಡುವ ವಿದ್ಯೆ ಕಲಿತಿದ್ದ. ಬೆನ್ನು ನೆಟ್ಟಗೆ, ಕೈ ಮೊಣಕಾಲ ಮೇಲೆ, ಗಂಭೀರ ಮುಖ. ಹತ್ತಿಯ ಧೂಳಿಗೆ ಕಣ್ಣು ಉರಿಯುತ್ತದೆಂದು ವೈದ್ಯರು ಕೊಟ್ಟ ಕಪ್ಪು ಕನ್ನಡಕ ಬೇರೆ ಇತ್ತು. ಅದನ್ನು ಹಾಕಿಕೊಂಡರೆ ಅವನು ಮಲಗಿದ್ದಾನೋ, ಲೋಕದ ಕಷ್ಟದ ಬಗ್ಗೆ ಯೋಚಿಸುತ್ತಿದ್ದಾನೋ ಎಂದು ಹೆಂಡತಿಗೂ ಹೇಳಲಾಗುತ್ತಿರಲಿಲ್ಲ. ನಿದ್ದೆ ಆಳವಾದಂತೆ ತಲೆ ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ಆಡುತ್ತಿತ್ತು. ಅದೊಂದೇ ಗುರುತು.

ಆ ವರ್ಷ ನಗರಸಭೆಯ ಮಹಡಿ ಮೇಲಿನ ಸಭಾಂಗಣಕ್ಕೆ ಕುರ್ಚಿಯ ಮೆತ್ತೆ ಹೊಲಿದವನು ದಿಂಬಣ್ಣನೇ. ಒಂದು ಮೆತ್ತೆ ಜಾರುತ್ತದೆಂದು ಅಲ್ಲಿನ ಜವಾನ ಹೇಳಿಕಳಿಸಿದ. ಊಟ ಮುಗಿಸಿ, ಸೂಜಿದಾರ ಜೇಬಿಗೆ ಹಾಕಿಕೊಂಡು ದಿಂಬಣ್ಣ ಮೆಟ್ಟಿಲು ಹತ್ತಿದ. ಎತ್ತರದ ಸೂರು, ದೊಡ್ಡ ಕಿಟಕಿಗಳು, ಮೇಲೆ ಸೋಮಾರಿಯಂತೆ ತಿರುಗುವ ಫ್ಯಾನು. ಸಾಲುಸಾಲು ಖಾಲಿ ಕುರ್ಚಿ, ಪ್ರತಿಯೊಂದರ ಮೇಲೂ ತಾನೇ ಹೊಲಿದ ಮೆತ್ತೆ. ಕಡೆಯ ಸಾಲಿನ ಜಾರುವ ಮೆತ್ತೆಗೆ ಎರಡು ಹೊಲಿಗೆ ಹಾಕಿ, ಸರಿಯಾಗಿ ಕೂತಿದೆಯೋ ನೋಡಲು ತಾನೇ ಕೂತ. ಮೆತ್ತೆ ಸರಿಯಾಗಿ ಕೂತಿತ್ತು. ದಿಂಬಣ್ಣನೂ ಸರಿಯಾಗಿಯೇ ಕೂತ. ಕನ್ನಡಕ ಹಾಕಿಕೊಂಡದ್ದು ಅವನಿಗೆ ನೆನಪಿತ್ತು, ಆಮೇಲಿನದು ನೆನಪಿರಲಿಲ್ಲ.

ಎಚ್ಚರವಾದಾಗ ಮುಂದಿನ ಮೇಜಿನ ಹಿಂದಿನಿಂದ ಒಬ್ಬ ಹಿರಿಯ ಹೆಂಗಸು ಎದ್ದು ಬಂದು ಅವನೆದುರು ನಿಂತಿದ್ದಳು. ಒಂದು ಕಾಲದಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ನಿವೃತ್ತಿಯಾಗಿದ್ದರೂ ಅವಳ ದನಿ ಇನ್ನೂ ಕೆಲಸದಲ್ಲಿತ್ತು.

"ನೀವು ಬಂದದ್ದು ದೊಡ್ಡ ಉಪಕಾರ" ಎಂದಳು. "ಎಷ್ಟು ಗಮನ ಕೊಟ್ಟು ಕೇಳಿದ್ರಿ! ಹೀಗೆ ಕೇಳೋರು ಎಲ್ಲಿ ಸಿಗ್ತಾರೆ? ಮುಂದಿನ ವಾರಾನೂ ತಪ್ಪಿಸಬೇಡಿ."

ದಿಂಬಣ್ಣ ಏನೂ ಅರ್ಥವಾಗದೆ "ಆಗಲಿ ಮೇಡಂ" ಎಂದ. ಅಷ್ಟರಲ್ಲಿ ಬಿಸಿಲಿಗೆ ಕಂದಿದ ಮುಖದ ಹೆಂಗಸೊಬ್ಬಳು ದೂರದಿಂದಲೇ ಅವನಿಗೆ ಕೈಮುಗಿದಳು. ಇನ್ನೊಂದು ಬದಿಯಲ್ಲಿ ಹೊಟ್ಟೆಯ ಮೇಲೆ ಅಂಗಿಯ ಗುಂಡಿ ಬಿಗಿದು ನಿಂತಿದ್ದ ಪೊಲೀಸ್ ದಫೇದಾರ ಅವನನ್ನೇ ದಿಟ್ಟಿಸಿ ನೋಡಿ, ಬೆವರು ಒರೆಸಿಕೊಂಡು, ಒಂದು ಸಲಾಮು ಹೊಡೆದ. ದಿಂಬಣ್ಣ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಗೋಡೆ ಮಾತ್ರ ಇತ್ತು. ಸಲಾಮು ತನಗೇ.

ಮೆಟ್ಟಿಲಿಳಿಯುವಾಗ ಜವಾನ ವಿಷಯ ಬಿಡಿಸಿ ಹೇಳಿದ. ಪೊಲೀಸರ ಮೇಲೆ ಜನ ಕೊಟ್ಟ ದೂರುಗಳನ್ನು ವಿಚಾರಿಸಲು ಸಮಿತಿಯೊಂದಿದೆ. ಆ ಮೇಡಂ ಅದರ ಅಧ್ಯಕ್ಷೆ. ವಿಚಾರಣೆ ಬಾಗಿಲು ತೆರೆದೇ ನಡೆಯಬೇಕು, ಎರಡು ಕಡೆಗೂ ಸೇರದ ಹೊರಗಿನವರು ಒಬ್ಬರಾದರೂ ಕೂತಿರಬೇಕು ಎಂಬುದು ನಿಯಮ. ಯಾರೂ ಇಲ್ಲದಿದ್ದರೆ ಮುಂದಕ್ಕೆ ಹೋಗುತ್ತದೆ. ಹಾಗೆ ಮುಂದಕ್ಕೆ ಹೋಗಿ ಹೋಗಿ ಸುಸ್ತಾದರೆ ದೂರು ತಾನಾಗಿಯೇ ಮುಚ್ಚಿಹೋಗುತ್ತದೆ.

"ನಿಮಗೆ ಕೈಮುಗಿದ್ರಲ್ಲ, ಆ ಅಮ್ಮ ಈ ದಫೇದಾರ್ರ ಮೇಲೆ ಕೊಟ್ಟ ದೂರು ಇನ್ನೊಂದು ಸಲ ಮುಂದಕ್ಕೆ ಹೋಗಿದ್ರೆ ಮುಗಿದೇ ಹೋಗ್ತಿತ್ತು" ಎಂದ ಜವಾನ. "ನೀವು ಬಂದು ಬದುಕಿಸಿದ್ರಿ."

"ಜನ ಯಾಕೆ ಬರಲ್ಲ?"

"ಗೊತ್ತಾದ್ರೆ ತಾನೇ ಬರೋಕೆ? ನೋಟೀಸು ಬಾಗಿಲ ಮೇಲೆ ಅಂಟಿಸಬೇಕು ಅಂತಿದೆ, ಅಂಟಿಸಿದೀನಿ. ಬಾಗಿಲು ಯಾವಾಗ್ಲೂ ತೆರೆದಿರಬೇಕು ಅಂತಿದೆ, ತೆರೆದಿದೀನಿ. ತೆರೆದ ಬಾಗಿಲು ಗೋಡೆಗೆ ಅಂಟಿಕೊಳ್ಳುತ್ತೆ. ನೋಟೀಸು ಗೋಡೆ ಓದಿಕೊಳ್ಳುತ್ತೆ. ನನ್ನದೇನು ತಪ್ಪು?"

ಅವನ ತಪ್ಪೇನೂ ಇರಲಿಲ್ಲ. ದಿಂಬಣ್ಣನ ತಲೆಯಲ್ಲಿ ಮಾತ್ರ ಆ ಸಲಾಮು ಉಳಿದುಬಿಟ್ಟಿತ್ತು. ಬದುಕಿನಲ್ಲಿ ಅವನಿಗೆ ಪೊಲೀಸರಿಂದ ಸಿಕ್ಕ ಮೊದಲ ಸಲಾಮು ಅದು. ಬೀದಿ ತಲುಪುವ ಹೊತ್ತಿಗೆ ಅವನ ನಡಿಗೆಯೇ ಬದಲಾಗಿತ್ತು. ಎದುರಂಗಡಿಯ ಕ್ಷೌರಿಕ ಕತ್ತರಿ ನಿಲ್ಲಿಸಿ ಕೇಳಿದ, "ಏನು ದಿಂಬಣ್ಣ, ಕತ್ತು ಹಿಡ್ಕೊಂಡಿದೆಯಾ? ಹೀಗೆ ನಡೀತಿದೀಯಲ್ಲ?"

"ಪೊಲೀಸರ ಮೇಲಿನ ವಿಚಾರಣೆಗೆ ಕೂತು ಬಂದೆ."

ಕ್ಷೌರಿಕನ ಕುರ್ಚಿಯಲ್ಲಿದ್ದ ಗಿರಾಕಿ ಸೋಪು ಹಚ್ಚಿದ ಮುಖವನ್ನೇ ಈ ಕಡೆ ತಿರುಗಿಸಿದ. "ಯಾರು, ನೀನಾ?"

"ನಾನಿಲ್ದೆ ನಡೆಯೋ ಹಾಗಿಲ್ವಂತೆ" ಎಂದ ದಿಂಬಣ್ಣ. ಅದು ಸುಳ್ಳಲ್ಲ.

"ಏನಪ್ಪಾ ಕೇಸು?" ಎಂದು ಕ್ಷೌರಿಕ ಬಾಗಿಲಿಗೇ ಬಂದ.

ಇಲ್ಲಿ ದಿಂಬಣ್ಣ ಸಿಕ್ಕಿಬಿದ್ದ. ನಿದ್ದೆ ಮಾಡಿದೆ ಎಂದು ಹೇಳಿಬಿಟ್ಟಿದ್ದರೆ ಬೀದಿ ಒಮ್ಮೆ ನಕ್ಕು ಸುಮ್ಮನಾಗುತ್ತಿತ್ತು, ಈ ಕಥೆಯೂ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸಲಾಮಿನ ಬಿಸಿ ಇನ್ನೂ ಆರಿರಲಿಲ್ಲ. ಅವನು ಕನ್ನಡಕ ಸರಿಮಾಡಿಕೊಂಡು, ಸ್ವರ ತಗ್ಗಿಸಿ, "ಅದೆಲ್ಲ ಹೊರಗೆ ಹೇಳೋ ಹಾಗಿಲ್ಲ" ಎಂದುಬಿಟ್ಟ.

ಊರಿಗೆಲ್ಲ ಗೊತ್ತಾಗಲೆಂದೇ ಬಾಗಿಲು ತೆರೆದು ನಡೆಸಿದ ವಿಚಾರಣೆ ಹೀಗೆ ಒಂದೇ ಮಾತಿಗೆ ಗುಟ್ಟಾಗಿಹೋಯಿತು.

ಹೆಂಡತಿ ಎಲ್ಲವನ್ನೂ ಕೇಳಿಯೂ ಯಂತ್ರ ನಿಲ್ಲಿಸಲಿಲ್ಲ. "ಮನೇಲಿ ನಿಮ್ಮ ಮಾತು ನಡೀದೇ ಇರೋವಾಗ ಅಲ್ಲಿ ಹೇಗೆ ನಡೀತು?" ಎಂದಷ್ಟೇ ಕೇಳಿದಳು.

"ಅಲ್ಲಿ ಮಾತಾಡೋದು ಇರಲ್ಲ ಕಣೇ. ಕೂತಿರೋದೇ ದೊಡ್ಡದು."

"ಹಾಗಾದ್ರೆ ಸರಿಯಾದ ಆಸಾಮೀನೇ ಹಿಡಿದಿದಾರೆ."

ಬೀದಿ ಮಾತ್ರ ಹೆಂಡತಿಯಷ್ಟು ಬುದ್ಧಿವಂತವಾಗಿರಲಿಲ್ಲ. ಮಾರನೆಯ ದಿನದಿಂದ ಜನ ದಿಂಬು ಕೊಳ್ಳುವ ನೆಪದಲ್ಲಿ ಬಂದು ಕೇಸಿನ ವಿಷಯ ಕೆದಕುತ್ತಿದ್ದರು. ಅವನು ಹೇಳದಷ್ಟೂ ಅವನ ಬೆಲೆ ಏರುತ್ತಿತ್ತು. ಷಡ್ಡಕ ಊರಾಚೆಯಿಂದ ಬಂದು, ಮಗನ ಸ್ಕೂಟರು ಠಾಣೆಯಲ್ಲಿದೆ, ಒಂದು ಮಾತು ಹೇಳಿ ಬಿಡಿಸಿಕೊಡಬೇಕೆಂದು ಕೂತ.

"ನಾನು ಅಂಥಾ ಸ್ಥಾನದಲ್ಲಿದ್ದು ಹಾಗೆಲ್ಲ ಹೇಳಬಾರದು ಭಾವ" ಎಂದ ದಿಂಬಣ್ಣ.

ಷಡ್ಡಕ ಮೂಗಿಗೆ ಹೊಕ್ಕ ಹತ್ತಿಗೆ ಬೈದು, ಚಹಾ ಕುಡಿದು ಎದ್ದುಹೋದ. ಹೋಗುವಾಗ ಬೀದಿಯಲ್ಲಿ, "ಎಷ್ಟು ಕಟ್ಟುನಿಟ್ಟು ನೋಡ್ರಿ, ಸ್ವಂತ ಷಡ್ಡಕನಿಗೂ ಬಗ್ಗಲ್ಲ" ಎಂದು ಬೈಗುಳವಾಗಿಯೇ ಹೇಳಿದ್ದನ್ನು ಬೀದಿ ಹೊಗಳಿಕೆಯಾಗಿ ಎತ್ತಿಕೊಂಡಿತು.

ಮೂರನೆಯ ಸಂಜೆ ವಿಚಾರಣೆಯಲ್ಲಿ ಕೈಮುಗಿದಿದ್ದ ಆ ಹೆಂಗಸೇ ಅಂಗಡಿ ಹುಡುಕಿಕೊಂಡು ಬಂದಳು. ಊರಿನ ಇನ್ನೊಂದು ತುದಿಯ ಬಸ್ ನಿಲ್ದಾಣದ ಕಡೆಯವಳು, ಈ ಬೀದಿಗೆ ಹೊಸಬಳು. ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ಹೇಳಿದಳು.

"ಅಣ್ಣಾ, ಏನೂ ಕೇಳೋಕೆ ಬಂದಿಲ್ಲ. ನೀವು ಬರ್ತೀರಲ್ಲ, ಅಷ್ಟು ಕೇಳ್ಕೊಂಡು ಹೋಗೋಣ ಅಂತ. ನಮ್ಮ ಕಡೆ ಎಲ್ಲರಿಗೂ ದಫೇದಾರನ್ನ ಕಂಡ್ರೆ ಭಯ, ಒಬ್ಬರೂ ಬಂದು ಕೂರಲ್ಲ. ಅವತ್ತು ನಾನು ಹೇಳಿದ ಒಂದೊಂದು ಮಾತಿಗೂ ನೀವು ತಲೆ ಆಡಿಸ್ತಾ ಇದ್ರಿ. ಅದನ್ನ ನೋಡೇ ನನಗೆ ಧೈರ್ಯ ಬಂತು."

ದಿಂಬಣ್ಣನ ಕಿವಿ ಬೆಚ್ಚಗಾಯಿತು. "ಹ್ಞೂಂ... ನ್ಯಾಯದ ಮಾತು ಅಲ್ವಾ" ಎಂದ.

"ಅದಿಲ್ದೆ ನನ್ನ ಕೈಯೇ ಮುರಿದ ಹಾಗಾಗಿದೆ. ಮದುವೆಯಾಗಿ ಬಂದಾಗಿಂದ ಜೊತೇಲಿತ್ತು. ಎಷ್ಟು ಭಾರ ಹೊತ್ತಿದೆ, ಒಂದು ದಿನ ನಡುದಾರೀಲಿ ಕೈಕೊಟ್ಟಿಲ್ಲ. ಈಗ ಎಲ್ಲಿ ನಿಲ್ಲಿಸಿದಾರೋ, ಬಿಸಿಲಲ್ಲೋ ನೆರಳಲ್ಲೋ..." ಸೆರಗಿನಿಂದ ಕಣ್ಣೊರೆಸಿಕೊಂಡಳು. "ದಫೇದಾರ್ರು ನೋಡೇ ಇಲ್ಲ ಅಂತಾರೆ. ಇನ್ನೊಂದು ಕೊಳ್ಳೋ ಶಕ್ತಿ ನನಗಿಲ್ಲ ಅಣ್ಣಾ. ದುಡಿಮೆಯೆಲ್ಲ ಅದರ ಮೇಲೇ ಇತ್ತು."

ಏನದು ಎಂದು ಕೇಳುವಂತಿರಲಿಲ್ಲ. ಒಂದೊಂದು ಮಾತಿಗೂ ತಲೆಯಾಡಿಸಿದವನು ಈಗ ಏನು ಕಳೆದಿದೆ ಎಂದು ಕೇಳಿದರೆ ಮರ್ಯಾದೆ ಉಳಿದೀತೇ? "ಬರುತ್ತೆ ತಾಯಿ, ಬಂದೇ ಬರುತ್ತೆ. ನಾನು ಬರ್ತೀನಿ" ಎಂದು ಕಳಿಸಿಕೊಟ್ಟ. ಆಮೇಲೆ ಹೊತ್ತು ಮುಳುಗುವ ತನಕ ಯೋಚಿಸಿದ. ಭಾರ ಹೊರುತ್ತದೆ. ಬಿಸಿಲಲ್ಲಿ ನಿಲ್ಲಿಸಿದರೆ ಕಷ್ಟ. ನಡುದಾರಿಯಲ್ಲಿ ಕೈಕೊಡುವುದಿಲ್ಲ. ಮನೆಯ ಒಂದು ಜೀವ ಹೋದಂತೆ ಅಳುತ್ತಾರೆ. ಹತ್ತಿಯಲ್ಲಿ ಕೈಯಿಟ್ಟುಕೊಂಡೇ ಇದ್ದಕ್ಕಿದ್ದಂತೆ ಎದ್ದು ನಿಂತ.

"ಕತ್ತೆ ಕಣೇ!"

"ಯಾರಿಗೆ ಹೇಳ್ತಿದೀರಿ?" ಎಂದಳು ಹೆಂಡತಿ.

"ಆ ಹೆಂಗಸಿನ ಕತ್ತೆ. ಪೊಲೀಸರು ಹಿಡ್ಕೊಂಡು ಹೋಗಿದಾರೆ. ಅದೇ ಕೇಸು. ಯಾರಿಗೂ ಹೇಳಬೇಡ."

ಹೆಂಡತಿ ಯಾರಿಗೂ ಹೇಳಲಿಲ್ಲ. ಆದರೆ ಬೀದಿ ಅಗಲವಾಗಿರಲಿಲ್ಲ, ಕ್ಷೌರಿಕನ ಕಿವಿಯೂ ಮಂದವಾಗಿರಲಿಲ್ಲ. ಬೆಳಗಾಗುವಷ್ಟರಲ್ಲಿ ದಫೇದಾರ ಬಡಹೆಂಗಸಿನ ಕತ್ತೆ ಬಚ್ಚಿಟ್ಟ ಸುದ್ದಿ ಬೀದಿಯ ಒಂದು ಕೊನೆಯಿಂದ ಹೊರಟಿತ್ತು. ಇನ್ನೊಂದು ಕೊನೆ ತಲುಪುವಾಗ ಕತ್ತೆ ಗಬ್ಬವಾಗಿತ್ತು. ಅಲ್ಲಿಂದ ತಿರುಗಿ ಕ್ಷೌರಿಕನ ಅಂಗಡಿಗೆ ಬರುವ ಹೊತ್ತಿಗೆ ಠಾಣೆಯಲ್ಲೇ ಮರಿ ಹಾಕಿತ್ತು. ಬರುವ ವಿಚಾರಣೆಗೆ ತಾಯಿಮರಿ ಎರಡನ್ನೂ ಮಹಡಿ ಹತ್ತಿಸುತ್ತಾರೆ ಎಂದು ಯಾರೋ ಖಚಿತವಾಗಿ ಹೇಳಿದರು.

ಇತ್ತ ದಫೇದಾರನಿಗೆ ನಿದ್ದೆ ಬಂದಿರಲಿಲ್ಲ. ಆ ಕಪ್ಪು ಕನ್ನಡಕ, ಆ ತಲೆಯಾಡಿಸುವಿಕೆ ಅವನ ಕಣ್ಣಿಗೆ ಕಟ್ಟಿತ್ತು. ಮೇಲಿನಿಂದ ಬಂದ ಯಾರೋ ಎಂದು ಹೆದರಿದ್ದ. ಹಾಸಿಗೆ ಅಂಗಡಿಯವ ಎಂದು ತಿಳಿದಾಗ ಹೊಟ್ಟೆ ಕುಲುಕುವಂತೆ ನಕ್ಕ. ಆಮೇಲೆ ನಿಯಮ ತೆಗೆದು ಓದಿದ. ಹೊರಗಿನವರು ಎರಡು ಕಡೆಗೂ ಸೇರದವರಾಗಿರಬೇಕು. ಹಾಗಾದರೆ ಇವನನ್ನು ಒಳಗಿನವನಾಗಿ ಮಾಡಿಕೊಂಡರೆ ಸರಿ. ಹೊರಗಿನವರೇ ಇಲ್ಲದ ವಿಚಾರಣೆ ಮುಂದಕ್ಕೆ ಹೋಗುತ್ತದೆ, ದೂರು ಮುಚ್ಚಿಹೋಗುತ್ತದೆ.

ಮಧ್ಯಾಹ್ನವೇ ಒಬ್ಬ ಪೇದೆ ಅಂಗಡಿಗೆ ಬಂದ. "ಯಜಮಾನ್ರೇ, ನಮ್ಮ ದಫೇದಾರ್ರಿಗೆ ಬೆನ್ನುನೋವು. ಅವರ ಕುರ್ಚಿಗೆ ಒಂದು ಮೆತ್ತೆ ಬೇಕಂತೆ. ನಿಮ್ಮ ಕೈಯದೇ ಆಗಬೇಕಂತೆ."

ದಿಂಬಣ್ಣ ಅಂದೇ ಒಳ್ಳೆಯ ಹತ್ತಿ ತುಂಬಿ, ಪಟ್ಟೆಬಟ್ಟೆಯಲ್ಲಿ ಮೆತ್ತೆ ಹೊಲಿದ. ಠಾಣೆಗೆ ಹೋಗುವ ನೆಪವೂ ಆಯಿತು, ಪಾಪ ಆ ಕತ್ತೆ ಹೇಗಿದೆಯೋ ನೋಡಿಕೊಂಡೂ ಬರಬಹುದು. ಮಾರನೆಯ ದಿನ ಊಟ ಮುಗಿಸಿ ಹೊರಟು, ದಾರಿಯಲ್ಲಿ ಒಂದು ಹಿಡಿ ಹುಲ್ಲು ಕಿತ್ತು ಜೇಬಿಗೆ ತುರುಕಿಕೊಂಡ.

ಠಾಣೆಯಲ್ಲಿ ದಫೇದಾರ ಊಟಕ್ಕೆ ಹೋಗಿದ್ದ. ಪೇದೆ ಕೊಟ್ಟ ಚಹಾ ಕುಡಿದು, "ಇಲ್ಲೇ ಗಾಳಿಗೆ ಓಡಾಡ್ತಿರ್ತೀನಿ" ಎಂದು ದಿಂಬಣ್ಣ ಹಿತ್ತಲಿಗೆ ನಡೆದ. ಮರದ ಬುಡದಲ್ಲಿ ಹುಡುಕಿದ, ಗೋಡೆಯ ಹಿಂದೆ ಹುಡುಕಿದ, ನೀರಿನ ತೊಟ್ಟಿಯ ಹತ್ತಿರ ನಿಂತು ಮೆಲ್ಲಗೆ ನಾಲಿಗೆ ಲೊಚಗುಟ್ಟಿಸಿ ಕರೆದ. ಕತ್ತೆ ಇರಲಿಲ್ಲ. ಕತ್ತೆ ಇದ್ದ ಗುರುತೂ ಇರಲಿಲ್ಲ. ಮರದ ನೆರಳಲ್ಲಿ ನಾಲ್ಕು ಕಂಬದ ಮೇಲೆ ತಗಡಿನ ಚಾವಣಿ ಹೊತ್ತ ಒಂದು ತಳ್ಳುಗಾಡಿ ಮಾತ್ರ ನಿಂತಿತ್ತು. ಅದರ ಮೇಲೆ ಸಾಲಾಗಿ ಹೂಕುಂಡ, ಕಂಬದಿಂದ ಕಂಬಕ್ಕೆ ಕಟ್ಟಿದ ಹಗ್ಗದಲ್ಲಿ ಒಣಗುವ ಖಾಕಿ ಬಟ್ಟೆ. ಗಾಳಿ ತಣ್ಣಗಿತ್ತು. ಹೊಟ್ಟೆಯಲ್ಲಿ ಊಟವಿತ್ತು. ಅಗಲವಾದ ಹಲಗೆ ಕೈಬೀಸಿ ಕರೆಯುವಂತಿತ್ತು. ದಿಂಬಣ್ಣ ಹೂಕುಂಡಗಳನ್ನು ಒಂದೊಂದಾಗಿ ಕೆಳಗಿಳಿಸಿ, ದಫೇದಾರನ ಮೆತ್ತೆಯನ್ನೇ ತಲೆಗಿಟ್ಟುಕೊಂಡು, ಎಷ್ಟೋ ವರ್ಷಗಳ ನಂತರ ಕೈಕಾಲು ಚಾಚಿ ಮಲಗಿದ.

ಪೇದೆ ಬಂದು ಎಬ್ಬಿಸಿದಾಗ ಒಳಗೆ ದಫೇದಾರ ಬಂದು ಕೂತಿದ್ದ.

"ಎಷ್ಟಾಯ್ತು ಯಜಮಾನ್ರೇ?"

"ಛೇ ಛೇ! ನಿಮ್ಮ ಹತ್ರ ತಗೊಳ್ಳೋದಾ? ಇದು ನನ್ನ ಕಡೆಯಿಂದ" ಎಂದ ದಿಂಬಣ್ಣ.

ದಫೇದಾರನಿಗೆ ಬೇಕಾದದ್ದು ಅದೇ. "ನೀವು ನಮ್ಮವರಾಗಿಬಿಟ್ರಿ ಬಿಡಿ" ಎಂದು ಅವನ ಕೈಯನ್ನು ಎರಡೂ ಕೈಯಿಂದ ಹಿಡಿದು ಕುಲುಕಿದ.

ವಿಚಾರಣೆಯ ದಿನ ದಿಂಬಣ್ಣ ತಲೆಗೆ ಎಣ್ಣೆ ಹಚ್ಚಿ ಬಾಚಿ, ಮಡಿಕೆ ಮುರಿಯದ ಅಂಗಿ ತೊಟ್ಟು ಹೋದ. ಮೆಟ್ಟಿಲು ಹತ್ತಿದವನು ಬಾಗಿಲಲ್ಲೇ ನಿಂತ. ಕುರ್ಚಿಯೊಂದೂ ಖಾಲಿಯಿರಲಿಲ್ಲ. ಅವನ ಇಡೀ ಬೀದಿ ಅಲ್ಲಿತ್ತು. ಕ್ಷೌರಿಕ ಅಂಗಡಿ ಮುಚ್ಚಿ ಬಂದಿದ್ದ. ಅವನ ಗಿರಾಕಿಯೊಬ್ಬ ಒಂದೇ ಕೆನ್ನೆ ಬೋಳಿಸಿಕೊಂಡು, ಇನ್ನೊಂದಕ್ಕೆ ಟವೆಲು ಒತ್ತಿ ಹಿಡಿದು ಪಕ್ಕದಲ್ಲೇ ಕೂತಿದ್ದ. ಷಡ್ಡಕನೂ ಬಂದಿದ್ದ. ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ಮೆತ್ತೆಯ ಹೊಲಿಗೆ ಪರೀಕ್ಷಿಸುತ್ತಿದ್ದಳು. ಜವಾನ, "ಇಷ್ಟು ಜನ ಬರ್ತಾರೆ ಅಂದಿದ್ರೆ ಬಾಗಿಲಾದ್ರೂ ಹಾಕ್ಕೋತಿದ್ದೆ" ಎಂದು ಗೊಣಗುತ್ತ ಎಲ್ಲಿಂದಲೋ ಒಂದು ಸ್ಟೂಲು ತಂದು ದಿಂಬಣ್ಣನನ್ನು ಕೂರಿಸಿದ.

ಅಧ್ಯಕ್ಷೆ ಕಣ್ಣು ಅರಳಿಸಿ ನೋಡುತ್ತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ದಫೇದಾರ ಎದ್ದ. ಅವನ ಕಂಕುಳಲ್ಲಿ ಪಟ್ಟೆಬಟ್ಟೆಯ ಮೆತ್ತೆಯಿತ್ತು.

"ಮೇಡಂ, ಮೊದಲು ನನ್ನದೊಂದು ಆಕ್ಷೇಪಣೆ. ಹೋದ ಸಲ ಹೊರಗಿನವರು ಅಂತ ಕೂರಿಸಿದ್ರಲ್ಲ, ಈ ಮನುಷ್ಯ ಹೊರಗಿನವರೇ ಅಲ್ಲ. ನಮ್ಮ ಸ್ಟೇಷನ್ನಿಗೆ ಬಂದಿದಾರೆ, ಚಹಾ ಕುಡಿದಿದಾರೆ, ನನಗೆ ಈ ಮೆತ್ತೆ ಬಿಟ್ಟಿ ಕೊಟ್ಟಿದಾರೆ. ಇವರು ನಮ್ಮ ಕಡೆಯವರು!"

ಸಭೆಯಲ್ಲಿ ಗುಸುಗುಸು ಎದ್ದಿತು. ದೂರು ಕೊಟ್ಟ ಹೆಂಗಸಿನ ಮುಖ ಬಿಳಿಚಿಕೊಂಡಿತು. "ಅಣ್ಣಾ!" ಎಂದಳು, ಅಷ್ಟೇ. ಆ ಒಂದು ಮಾತು ದಿಂಬಣ್ಣನ ಎದೆಗೆ ಮೂಟೆ ಹೊಲಿಯುವ ದಬ್ಬಣದಂತೆ ಚುಚ್ಚಿತು.

"ನಿಜಾನಾ?" ಅಧ್ಯಕ್ಷೆಯ ದನಿ ತರಗತಿಯ ದನಿಯಾಯಿತು. "ಎದ್ದು ನಿಂತು ಹೇಳಿ. ಠಾಣೆಗೆ ಹೋಗಿದ್ರಾ?"

ದಿಂಬಣ್ಣ ಎದ್ದ. "ಹೋಗಿದ್ದೆ ಮೇಡಂ."

"ಯಾಕೆ?"

"ಮೆತ್ತೆ ಕೊಡೋಕೆ. ಮತ್ತೆ... ಕತ್ತೆ ನೋಡೋಕೆ."

"ಯಾವ ಕತ್ತೆ?"

"ಈ ತಾಯಿಯ ಕತ್ತೆ. ಪೊಲೀಸರು ಹಿಡ್ಕೊಂಡು ಹೋಗಿದ್ದು." ಜೇಬಿನಿಂದ ಒಣಗಿದ ಹುಲ್ಲು ತೆಗೆದು ತೋರಿಸಿದ. "ಹುಲ್ಲೂ ತಗೊಂಡು ಹೋಗಿದ್ದೆ. ಆದ್ರೆ ಅಲ್ಲಿ ಕತ್ತೆ ಇರಲಿಲ್ಲ ಮೇಡಂ, ದಫೇದಾರ್ರು ಹೇಳೋದು ನಿಜ."

"ನನ್ನ ಹತ್ರ ಕತ್ತೆ ಎಲ್ಲಿದೆ ಅಣ್ಣಾ!" ಎಂದಳು ಹೆಂಗಸು.

"ಮರಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ರೀ, ಹೋದ ವಾರ ಇಡೀ ಮಧ್ಯಾಹ್ನ ಕೂತು ಕೇಳಿದ್ರಲ್ಲ. ಏನು ಕೇಳಿದ್ರಿ?"

ದಿಂಬಣ್ಣ ಹೆಂಡತಿಯ ಕಡೆ ನೋಡಿದ. ಅವಳು ಹಣೆಗೆ ಕೈ ಹಚ್ಚಿಕೊಂಡಿದ್ದಳು. ಕ್ಷೌರಿಕನ ಕಡೆ ನೋಡಿದ. ಅವನ ಬಾಯಿ ಕಿವಿಯ ತನಕ ಹೋಗಿತ್ತು. ಇನ್ನು ಉಳಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ.

"ಏನೂ ಕೇಳಿಲ್ಲ ಮೇಡಂ. ನಿದ್ದೆ ಬಂದುಬಿಟ್ಟಿತ್ತು. ನಿಮ್ಮ ಮೆತ್ತೆ ಚೆನ್ನಾಗಿತ್ತು... ಅಂದ್ರೆ, ನನ್ನದೇ."

ಸೂರು ಹಾರಿಹೋಗುವಂತೆ ಜನ ನಕ್ಕರು. ಅರ್ಧ ಬೋಳಿಸಿಕೊಂಡವನು ಟವೆಲು ಬಿಟ್ಟು ಚಪ್ಪಾಳೆ ತಟ್ಟಿದ. ದಫೇದಾರನಿಗಂತೂ ಸಂತೋಷ ಹೊಟ್ಟೆಯೊಳಗೆ ಹಿಡಿಸಲಿಲ್ಲ. ಅಲ್ಲಿಗೇ ಕೂತುಬಿಟ್ಟಿದ್ದರೆ ಅವನು ಗೆದ್ದಂತೆಯೇ ಇತ್ತು. ಆದರೆ ಗೆದ್ದವನಿಗೆ ಕೂರಲು ಮನಸ್ಸು ಬರುವುದಿಲ್ಲ.

"ಇನ್ನೂ ಕೇಳಿ ಮೇಡಂ!" ಎಂದ. "ನಮ್ಮ ಸ್ಟೇಷನ್ನಿಗೆ ಬಂದಾಗ್ಲೂ ಮಲಗಿಬಿಟ್ಟಿದ್ರು! ನಮ್ಮ ಪೇದೇನೇ ಎಬ್ಬಿಸಿದ್ದು. ಅಷ್ಟು ಸಲಿಗೆ ನಮ್ಮಲ್ಲಿ. ಬೇಕಾದ್ರೆ ಅವರ ಬಾಯಲ್ಲೇ ಕೇಳಿ!"

"ಮಲಗಿದ್ರಾ?" ಎಂದು ಅಧ್ಯಕ್ಷೆ ಬೇಸತ್ತು ಕೇಳಿದಳು.

"ಮಲಗಿದ್ದೆ ಮೇಡಂ."

"ಠಾಣೇಲಿ ಮಲಗೋಕೆ ಜಾಗ ಎಲ್ಲಿ ಸಿಕ್ತು?"

"ಹಿತ್ತಲಲ್ಲಿ. ಗಾಡಿ ಮೇಲೆ."

ಅಧ್ಯಕ್ಷೆ ಕೈಯೆತ್ತಿ ನಗು ನಿಲ್ಲಿಸಿದಳು. ದಫೇದಾರ ಮೆತ್ತೆಯನ್ನು ಎದೆಗವಚಿಕೊಂಡ. ಆ ಗಾಡಿ ಅವನ ಕಣ್ಣಿಗೆ ಎಂದೋ ಹೂಕುಂಡದ ಕಟ್ಟೆಯಾಗಿಹೋಗಿತ್ತು. ಅದು ಗಾಡಿ ಎಂಬುದು ಅವನಿಗೂ ಈಗಷ್ಟೇ ನೆನಪಾದಂತಿತ್ತು.

ಅಧ್ಯಕ್ಷೆ ಕನ್ನಡಕವನ್ನು ಮತ್ತೆ ಏರಿಸಿಕೊಂಡಳು. "ಯಾವ ಗಾಡಿ? ನಿಧಾನವಾಗಿ ಹೇಳಿ."

"ತಳ್ಳುಗಾಡಿ ಮೇಡಂ. ತಗಡಿನ ಚಾವಣಿ ಇತ್ತು. ಮೇಲೆ ಹೂಕುಂಡ ಇತ್ತು, ನಾನೇ ಇಳಿಸಿದೆ. ವಾಪಸ್ ಇಡೋದು ಮರೆತೆ." ದಫೇದಾರನ ಕಡೆ ತಿರುಗಿ, "ತಪ್ಪಾಯ್ತು" ಎಂದೂ ಸೇರಿಸಿದ.

"ಬೇರೆ ಏನಾದ್ರೂ ಗುರುತು?"

"ಚಾವಣಿಯಿಂದ ಒಂದು ತಗಡು ನೇತಾಡ್ತಿತ್ತು. ಗಾಳಿಗೆ ಮೂಗಿನ ಮೇಲೇ ತಿರುಗ್ತಾ ಇತ್ತು, ಅದನ್ನ ಓದ್ತಾ ಓದ್ತಾನೇ ಕಣ್ಣು ಹತ್ತಿದ್ದು. ಈ ಕಡೆ 'ನೋಡಿ ತಗೊಳ್ಳಿ' ಅಂತ. ಆ ಕಡೆ..." ದಿಂಬಣ್ಣ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. "ಆ ಕಡೆ 'ಹಿಸುಕಬೇಡಿ' ಅಂತ, ಕೆಂಪು ಬಣ್ಣದಲ್ಲಿ."

"ನನ್ನ ಗಾಡಿ!" ಹೆಂಗಸು ಕೂತಲ್ಲಿಂದ ಜಿಗಿದೆದ್ದಳು. "ಮೇಡಂ, ನಾನೇ ಬರೆದದ್ದು! ಹಣ್ಣು ಕೊಳ್ಳೋಕೆ ಬಂದೋರೆಲ್ಲ ಹಿಸುಕಿ ಹಿಸುಕಿ ಇಟ್ಟು ಹೋಗ್ತಾರೆ ಅಂತ ನಾನೇ ಬರೆದು ತೂಗುಹಾಕಿದ್ದು!"

ದಿಂಬಣ್ಣ ಬಾಯಿ ತೆರೆದು ಅವಳನ್ನೇ ನೋಡಿದ. ಭಾರ ಹೊರುವುದು, ಬಿಸಿಲಲ್ಲಿ ನಿಲ್ಲುವುದು, ನಡುದಾರಿಯಲ್ಲಿ ಕೈಕೊಡದಿರುವುದು. "ಓಹೋ, ಗಾಡೀನಾ!" ಎಂದ ಗಟ್ಟಿಯಾಗಿ.

"ದಫೇದಾರರೇ" ಎಂದಳು ಅಧ್ಯಕ್ಷೆ, "ಹೋದ ವಾರ ಇಲ್ಲೇ ನಿಂತು, ಗಾಡಿ ನಮ್ಮ ಠಾಣೆಗೆ ಬಂದೇ ಇಲ್ಲ ಅಂದಿದ್ರಿ."

ದಫೇದಾರ ಕೊನೆಯ ಹಗ್ಗ ಹಿಡಿದ. "ಮೇಡಂ, ಅದೇನೇ ಇರಲಿ, ಇವರು ಹೊರಗಿನವರಲ್ಲ ಅಂತ ಸಾಬೀತಾಯ್ತಲ್ಲ? ಹೊರಗಿನವರಿಲ್ದೆ ವಿಚಾರಣೆ ನಡೆಯೋ ಹಾಗಿಲ್ಲ. ನಿಯಮ! ಮುಂದಕ್ಕೆ ಹಾಕಬೇಕು, ದೂರು ಮುಚ್ಚಬೇಕು."

"ಹೌದು, ನಿಯಮ ಅಂದ್ರೆ ನಿಯಮ" ಎಂದು ಅಧ್ಯಕ್ಷೆ ಒಪ್ಪಿದಳು. ಆಮೇಲೆ ತಲೆಯೆತ್ತಿ ಸಭೆಯನ್ನೊಮ್ಮೆ ನೋಡಿದಳು. "ಇಲ್ಲಿ ಕೂತಿರೋರೆಲ್ಲ ಯಾರಪ್ಪಾ?"

"ಹೊರಗಿನವರು ಮೇಡಂ!" ಇಡೀ ಬೀದಿ ಶಾಲೆಯ ಮಕ್ಕಳಂತೆ ಒಟ್ಟಿಗೆ ಕೂಗಿತು.

"ದಫೇದಾರರ ಕಡೆಯವರು ಯಾರಾದ್ರೂ?"

"ನನ್ನ ಮಗನ ಸ್ಕೂಟರು ಮಾತ್ರ ಅವರ ಕಡೆ ಇದೆ" ಎಂದ ಷಡ್ಡಕ.

"ಹಾಗಾದ್ರೆ ವಿಚಾರಣೆ ನಡೆಯುತ್ತೆ. ದಫೇದಾರರು ಹೇಳಿದ್ದು ಸರಿ, ಈ ಮನುಷ್ಯ ಹೊರಗಿನವರಲ್ಲ. ಇವರು ಸಾಕ್ಷಿ." ಅಧ್ಯಕ್ಷೆ ಎದ್ದಳು. "ನಡೀರಿ, ಹೋಗಿ ನೋಡಿಯೇ ಬರೋಣ. ಬಾಗಿಲು ತೆರೆದು ನೋಡೋದಕ್ಕೆ ಮುಂದಿನ ವಾರ ಯಾಕೆ ಬೇಕು?"

ಊರಿನಲ್ಲಿ ಅಂಥ ಮೆರವಣಿಗೆ ಹಿಂದೆ ನಡೆದಿರಲಿಲ್ಲ. ಮುಂದೆ ಅಧ್ಯಕ್ಷೆ, ಹಿಂದೆ ಹೆಂಗಸು, ಅವಳ ಹಿಂದೆ ಮೆತ್ತೆ ಹಿಡಿದ ದಫೇದಾರ, ಆಮೇಲೆ ಇಡೀ ಬೀದಿ. ಠಾಣೆಯ ಹಿತ್ತಲಲ್ಲಿ ಗಾಡಿ ಮರದ ಕೆಳಗೆ ನಿಂತೇ ಇತ್ತು. ಹೂಕುಂಡಗಳು ದಿಂಬಣ್ಣ ಇಳಿಸಿದ ಕಡೆಯೇ ಇದ್ದವು. ತಗಡು ಗಾಳಿಗೆ ತಿರುಗಿ, ಅಷ್ಟು ಜನಕ್ಕೂ ಒಮ್ಮೆ 'ನೋಡಿ ತಗೊಳ್ಳಿ' ಎಂದಿತು.

"ಹೇಗೆ ತಗೊಂಡು ಬಂದಿರೋ ಹಾಗೇ ಬಿಟ್ಟು ಬನ್ನಿ" ಎಂದಳು ಅಧ್ಯಕ್ಷೆ. "ಬೆಳಕಿರೋವಾಗ್ಲೇ. ಎಲ್ಲರೂ ನೋಡ್ಲಿ. ಸುಳ್ಳು ಯಾಕೆ ಹೇಳಿದ್ರಿ ಅನ್ನೋದು ಮುಂದಿನ ವಿಚಾರಣೆ."

ದಫೇದಾರ ಮಾರುಕಟ್ಟೆ ಬೀದಿಯುದ್ದಕ್ಕೂ ಗಾಡಿ ತಳ್ಳಿದ. ಒಂದು ಗಾಲಿ ಸುತ್ತಿಗೊಮ್ಮೆ ಕಿರ್ರೆಂದು ಕೂಗಿ, ನೋಡದವರನ್ನೂ ಕರೆದು ತೋರಿಸುತ್ತಿತ್ತು. ಬಸ್ ನಿಲ್ದಾಣದ ಹತ್ತಿರ ಬಂದಾಗ ಅವನನ್ನು ಕಂಡರೆ ಹೆದರುತ್ತಿದ್ದ ವ್ಯಾಪಾರಿಗಳೆಲ್ಲ ಎದ್ದು ನಿಂತು ದಾರಿ ಬಿಟ್ಟರು. ಒಬ್ಬ, "ಹುಷಾರು ಸಾರ್, ಬೆನ್ನುನೋವಂತೆ" ಎಂದ.

ದಿಂಬಣ್ಣ ಎಲ್ಲರಿಗಿಂತ ಹಿಂದೆ, ಗೋಡೆ ಪಕ್ಕದಲ್ಲಿ ನಡೆಯುತ್ತಿದ್ದ. ಅಧ್ಯಕ್ಷೆ ನಿಂತು ಅವನು ಬರುವ ತನಕ ಕಾದಳು.

"ಕೇಸಿನ ವಿಷಯ ಹೊರಗೆ ಹೇಳೋ ಹಾಗಿಲ್ಲ ಅಂತ ಬೀದೀಲಿ ಹೇಳಿದ್ರಂತೆ?"

"ತಪ್ಪಾಯ್ತು ಮೇಡಂ."

"ಹೇಳಲಿ ಅಂತಾನೇ ಹೊರಗಿನವರನ್ನ ಕೂರಿಸೋದು ಕಣ್ರೀ. ನೀವೊಬ್ಬರೇ ನೋಡಿ ಬಾಯಿ ಮುಚ್ಕೊಂಡ್ರೆ ಬಾಗಿಲು ಮುಚ್ಚಿದ ಹಾಗೇ."

"ಹೇಳೋಕೆ ನನಗೆ ಏನಾದ್ರೂ ಗೊತ್ತಿದ್ರೆ ತಾನೇ ಮೇಡಂ" ಎಂದ ದಿಂಬಣ್ಣ ಸತ್ಯವಾಗಿ. ಮುಖ್ಯೋಪಾಧ್ಯಾಯಿನಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಸಂಜೆ ಅಂಗಡಿಯಲ್ಲಿ ಹೆಂಡತಿ ಯಂತ್ರದಲ್ಲಿದ್ದ ದಿಂಬಿನ ಹೊಲಿಗೆ ಮುಗಿಸಿದಳು. ಆಮೇಲೆ, "ಎಚ್ಚರ ಇದ್ದಾಗ ಮಾಡಿದ್ದೆಲ್ಲ ಕೆಡಿಸಿದ್ರಿ, ಮಲಗಿದ್ದು ಮಾತ್ರ ಉಪಯೋಗಕ್ಕೆ ಬಂತು" ಎಂದಳು. ಅದು ಬೈಗುಳದ ದನಿಯಾಗಿರಲಿಲ್ಲ. ಆ ದಿನ ಮಾರಾಟದ ಹಾಸಿಗೆಗಳಲ್ಲಿ ಒಂದನ್ನು ತಾನೇ ಬಿಚ್ಚಿ ಹಾಸಿ, "ಇದರ ಹೊಲಿಗೆ ಹೇಗಿದ್ರೂ ಸೊಟ್ಟ ಬಂದಿದೆ, ಒಂದು ಗಳಿಗೆ ಬೇಕಾದ್ರೆ ಉರುಳ್ಕೊಳ್ಳಿ" ಎಂದೂ ಹೇಳಿದಳು. ಹೊಲಿಗೆ ಸೊಟ್ಟ ಇರಲಿಲ್ಲ.

ಮುಂದಿನ ವಿಚಾರಣೆಯ ಹೊತ್ತಿಗೆ ಜವಾನ ನೋಟೀಸನ್ನು ಬಾಗಿಲ ಇನ್ನೊಂದು ಮೈಗೆ ಅಂಟಿಸಿದ್ದ. ಕ್ಷೌರಿಕ ಅದರ ನಕಲನ್ನು ತನ್ನ ಕನ್ನಡಿಯ ಪಕ್ಕದಲ್ಲಿ ಹಚ್ಚಿದ್ದ. ಅಭ್ಯಾಸಬಲದಿಂದ ದಿಂಬಣ್ಣ ಊಟ ಮುಗಿಸಿ, ಕನ್ನಡಕ ಒರೆಸಿಕೊಂಡು, ಆ ಫ್ಯಾನು ಆ ಕಿಟಕಿ ನೆನೆಯುತ್ತ ಮೆಟ್ಟಿಲು ಹತ್ತಿದ. ಒಳಗೆ ಕಾಲಿಡಲು ಜಾಗವಿರಲಿಲ್ಲ.

"ಕುರ್ಚಿ ಇಲ್ಲ, ಬೇಗ ಬರಬೇಕಿತ್ತು" ಎಂದ ಜವಾನ. "ನಿಂತ್ಕೊಂಡು ಕೇಳಿ."

ನಿಂತು ನಿದ್ದೆ ಮಾಡುವ ವಿದ್ಯೆ ದಿಂಬಣ್ಣನಿಗೆ ಇನ್ನೂ ಒಲಿದಿರಲಿಲ್ಲ. ಹೀಗಾಗಿ ಮೊದಲ ಬಾರಿಗೆ ಅವನು ಇಡೀ ವಿಚಾರಣೆಯನ್ನು ಮೊದಲಿನಿಂದ ಕೊನೆಯ ತನಕ ಕೇಳಿದ. ಚೆನ್ನಾಗಿಯೇ ಇತ್ತು. ಬೀದಿಗೆ ಬಂದು, ಕೇಳಿದವರಿಗೂ ಕೇಳದವರಿಗೂ ಒಂದಕ್ಷರ ಬಿಡದೆ ಹೇಳಿದ. ಕ್ಷೌರಿಕ ಕೊನೆಗೆ, "ಸಾಕು ಮಾರಾಯ, ಇದಕ್ಕಿಂತ ಗುಟ್ಟೇ ವಾಸಿಯಿತ್ತು" ಎಂದು ಬಾಗಿಲು ಹಾಕಿಕೊಂಡ.

ಒಂದು ಮಧ್ಯಾಹ್ನ ದಿಂಬಣ್ಣ ಮೂಟೆ ತರಲು ಬಸ್ ನಿಲ್ದಾಣದ ಕಡೆ ಹೋಗಿದ್ದ. ಹಣ್ಣಿನ ಗಾಡಿ ತನ್ನ ಜಾಗದಲ್ಲಿ ನಿಂತಿತ್ತು, ಸುತ್ತ ಗಿರಾಕಿಗಳು. ಹೆಂಗಸು ದೂರದಿಂದಲೇ "ಬನ್ನಿ ಅಣ್ಣಾ!" ಎಂದು ಕೂಗಿ, ಆರಿಸಿದ ಹಣ್ಣೊಂದನ್ನು ಅವನ ಕೈಗಿತ್ತಳು. ದಿಂಬಣ್ಣ ಅದನ್ನು ತಿನ್ನುತ್ತ ತಗಡಿನ ಕಡೆ ನೋಡಿದ. ಬಣ್ಣ ಹೊಸದಾಗಿ ಬಳಿದಿದ್ದಳು. ಗಾಳಿಗೆ ತಗಡು ತಿರುಗಿತು. ಒಂದು ಕಡೆ 'ನೋಡಿ ತಗೊಳ್ಳಿ'. ಇನ್ನೊಂದು ಕಡೆ 'ಹಿಸುಕಬೇಡಿ', ಅದರ ಕೆಳಗೆ, ಇನ್ನೂ ಹಸಿಯಾಗಿದ್ದ ಕೆಂಪಿನಲ್ಲಿ, 'ಮಲಗಬೇಡಿ'.